ಹಿಂದಕ್ಕೆ ಪಡೆಯದ ಕ್ಷಮೆ

1773ರ ಜನವರಿ 1. ಇಂಗ್ಲೆಂಡಿನಲ್ಲಿ ಔಸ್ ನದಿಯ ದಂಡೆಯ ಮೇಲಿನ ಓಲ್ನಿ ಎಂಬ ಸಣ್ಣ ಪೇಟೆ. ಹೆಂಗಸರೂ ಮಕ್ಕಳೂ ದಿನವಿಡೀ ಲೇಸ್ ಹೆಣೆದು ಹೊಟ್ಟೆ ಹೊರೆಯುತ್ತಿದ್ದ ಬಡವರ ಊರು. ಹೊಸ ವರ್ಷದ ಆರಾಧನೆಗೆ ಬಂದವರ ಮುಂದೆ ಸಭಾಪಾಲಕ ಜಾನ್ ನ್ಯೂಟನ್ ಒಂದನೆಯ ಪೂರ್ವಕಾಲವೃತ್ತಾಂತದ 17ನೇ ಅಧ್ಯಾಯವನ್ನು ತೆರೆದ. ದೇವರಿಗೊಂದು ಆಲಯ ಕಟ್ಟಬೇಕೆಂದು ಹೊರಟ ದಾವೀದನಿಗೆ ಪ್ರವಾದಿ ನಾತಾನನ ಮೂಲಕ ಬರುವ ಉತ್ತರ ಅಲ್ಲಿದೆ: ಕಟ್ಟುವವನು ದಾವೀದನಲ್ಲ, ದಾವೀದನ ಮನೆತನವನ್ನೇ ದೇವರು ಕಟ್ಟಲಿದ್ದಾನೆ. ಅದನ್ನು ಕೇಳಿದ ಅರಸ ಏನೂ ಮಾಡಲು ತೋಚದೆ ದೇವರ ಸನ್ನಿಧಿಗೆ ಹೋಗಿ ಸುಮ್ಮನೆ ಕುಳಿತುಬಿಡುತ್ತಾನೆ. ಈ ಪ್ರಸಂಗಕ್ಕೆಂದೇ ನ್ಯೂಟನ್ ಬರೆದ ಗೀತೆ ‘ಅಮೇಜಿಂಗ್ ಗ್ರೇಸ್’. ನಮಗೆ ಪರಿಚಯವಿರುವ ರಾಗ ಅದಕ್ಕೆ ಕೂಡಿಬಂದದ್ದು ಬಹಳ ತಡವಾಗಿ, 1835ರಲ್ಲಿ, ಅಮೆರಿಕದಲ್ಲಿ.

ಅದೇ ಊರಿನಲ್ಲಿ, ನ್ಯೂಟನ್ನನ ಹಿತ್ತಿಲಿಗೆ ಒಂದು ಹಣ್ಣಿನ ತೋಟದಷ್ಟು ದೂರದಲ್ಲಿ, ಕವಿ ವಿಲಿಯಂ ಕೂಪರ್ ವಾಸವಾಗಿದ್ದ. ಎರಡು ಮನೆಯವರೂ ಬೀದಿ ಬಳಸದೆ ಹೋಗಿಬರಲೆಂದು ಆ ತೋಟದ ಮಾಲೀಕನಿಗೆ ವರ್ಷಕ್ಕೊಂದು ಗಿನಿ ಕೊಟ್ಟು ಕಾಲುದಾರಿ ಮಾಡಿಕೊಂಡಿದ್ದರು. ಕೂಪರ್ ಕೂಡ ಓಲ್ನಿಯ ಸಭೆಗಾಗಿ ಕೃಪೆಯ ಗೀತೆಗಳನ್ನು ಬರೆಯುತ್ತಿದ್ದ. ಆ ಜನವರಿಯಲ್ಲೇ ಅವನ ಮನಸ್ಸು ಕುಸಿಯಿತು. ಮುಂದಿನ ತಿಂಗಳು ಒಂದು ರಾತ್ರಿ, ತನ್ನ ಕತೆ ಮುಗಿಯಿತು, ತಾನು ನಾಶವಾದೆ ಎಂಬ ಲ್ಯಾಟಿನ್ ಮಾತು ಅವನಿಗೆ ಕನಸಿನಲ್ಲಿ ಕೇಳಿಸಿತು. ಅದನ್ನು ಅವನು ದೇವರ ತೀರ್ಪೆಂದೇ ನಂಬಿದ. ಮುಂದೆ 27 ವರ್ಷ ಬದುಕಿದ್ದರೂ ಆರಾಧನೆಗೆಂದು ಸಭೆಯ ಹೊಸ್ತಿಲು ತುಳಿಯಲಿಲ್ಲ.

ಒಮ್ಮೆ ಕ್ಷಮಿಸಿದ ಮೇಲೆ ದೇವರು ಆ ಕ್ಷಮೆಯನ್ನು ಹಿಂದಕ್ಕೆ ಪಡೆಯುವುದಿಲ್ಲ ಎಂಬ ಕ್ರೈಸ್ತ ನಂಬಿಕೆಯ ಬಗ್ಗೆ ಯಾರಾದರೂ ಕೇಳಿದಾಗ ನನಗೆ ನೆನಪಾಗುವುದು ಈ ಇಬ್ಬರು. ಒಬ್ಬ ಸಾವಿರಾರು ಜನರ ಬದುಕನ್ನು ನುಚ್ಚುನೂರು ಮಾಡಿದ ದಂಧೆಯಲ್ಲಿ ಇದ್ದವನು. ತಾನು ಕ್ಷಮೆ ಪಡೆದವನೆಂಬ ಭರವಸೆಯಲ್ಲಿ ಸತ್ತ. ಇನ್ನೊಬ್ಬ ಒಂದು ಮೊಲಕ್ಕೂ ನೋವು ಮಾಡಲಾರದವನು. ತಾನು ಶಪಿತನೆಂದು ನಂಬಿ ಸತ್ತ. ಇಬ್ಬರ ಬೋಧನೆಯೂ ಒಂದೇ.

ಆ ಬೋಧನೆಯನ್ನು ಸರಳವಾಗಿ ಹೇಳುವುದಾದರೆ ಹೀಗೆ. ಮನುಷ್ಯ ತನ್ನ ಒಳ್ಳೆಯ ಕೆಲಸಗಳನ್ನು ಲೆಕ್ಕಕ್ಕಿಟ್ಟು ದೇವರ ಮುಂದೆ ನೀತಿವಂತನಾಗಲಾರ. ಕ್ರಿಸ್ತನು ಶಿಲುಬೆಯ ಮೇಲೆ ಮಾಡಿದ್ದು ಅದಕ್ಕೆ ಸಾಕು. ಅದನ್ನು ನಂಬಿದವನಿಗೆ ಪಾಪಕ್ಷಮೆ ಪುಕ್ಕಟೆಯಾಗಿ ಸಿಗುತ್ತದೆ, ಸಿಕ್ಕಿದ್ದು ಕೈತಪ್ಪುವುದಿಲ್ಲ. ಮೊದಲಿನದೆಲ್ಲವನ್ನೂ ಒಪ್ಪಿ ತಲೆಯಾಡಿಸುವವರೂ ಕೊನೆಯ ಮಾತಿಗೆ ಬಂದಾಗ ತಡೆಯುತ್ತಾರೆ. ನಾಳೆ ನಾನು ಕೆಟ್ಟರೆ? ಇವತ್ತಿರುವ ನಂಬಿಕೆ ನಾಳೆ ಸಡಿಲವಾದರೆ?

ಇಬ್ರಿಯರಿಗೆ ಬರೆದ ಪತ್ರಿಕೆಯ 10ನೇ ಅಧ್ಯಾಯದಲ್ಲಿ ಇದಕ್ಕೆ ಸಂಬಂಧಿಸಿದ ಒಂದು ವಿವರ ಇದೆ. ಓದುವಾಗ ಸುಲಭವಾಗಿ ಕಣ್ತಪ್ಪಿಹೋಗುವಂಥದು. ಯಾಜಕ ಪ್ರತಿದಿನವೂ ನಿಂತುಕೊಂಡೇ ಬಲಿ ಅರ್ಪಿಸುತ್ತಾನೆ. ಅವೇ ಬಲಿಗಳು, ಮತ್ತೆ ಮತ್ತೆ. ಅವನ ಕೆಲಸ ಮುಗಿಯುವುದೇ ಇಲ್ಲ. ಕ್ರಿಸ್ತನಾದರೋ ಒಂದೇ ಬಲಿ ಅರ್ಪಿಸಿ ದೇವರ ಬಲಗಡೆ ಕುಳಿತ. ಪತ್ರಿಕೆ ಬರೆದವನ ವಾದವೆಲ್ಲ ಆ ಕೂರುವಿಕೆಯಲ್ಲಿದೆ: ಮಾಡಬೇಕಾದದ್ದು ಮುಗಿದಿದೆ. ಯೋಹಾನನ ಸುವಾರ್ತೆಯ 10ನೇ ಅಧ್ಯಾಯದಲ್ಲಿ ಯೇಸು ತನ್ನ ಕುರಿಗಳ ಬಗ್ಗೆ ಮಾತಾಡುವಾಗ, ಅವು ತನ್ನ ಕೈಯಲ್ಲಿವೆ, ಆ ಕೈಯಿಂದ ಯಾರೂ ಅವನ್ನು ಕಸಿದುಕೊಳ್ಳಲಾರರು ಎನ್ನುತ್ತಾನೆ. ರೋಮಾಪುರದವರಿಗೆ ಬರೆಯುತ್ತ ಪೌಲನು ದೇವರ ಪ್ರೀತಿಯಿಂದ ನಮ್ಮನ್ನು ಅಗಲಿಸಲಾರದವುಗಳ ಪಟ್ಟಿ ಕೊಡುವಾಗ ಮರಣವನ್ನೂ ಜೀವವನ್ನೂ ಸೇರಿಸುತ್ತಾನೆ. ನಾವು ಸಾವಿಗೆ ಹೆದರುತ್ತೇವೆ; ಆದರೆ ಎಷ್ಟೋ ಜನರನ್ನು ದೇವರಿಂದ ದೂರ ಎಳೆಯುವುದು ಬದುಕೇ ಎಂಬುದು ಅವನಿಗೆ ಗೊತ್ತಿತ್ತು.

ಬೈಬಲಿನಲ್ಲಿ ಎಚ್ಚರಿಕೆಯ ಮಾತುಗಳೂ ಇವೆ. ಅದೇ ಇಬ್ರಿಯರ ಪತ್ರಿಕೆಯ 6ನೇ ಅಧ್ಯಾಯ ಒಮ್ಮೆ ಬೆಳಕನ್ನು ಕಂಡು ಬಿದ್ದುಹೋದವರ ಬಗ್ಗೆ ಹೇಳುವುದನ್ನು ಓದಿದರೆ ಎದೆ ನಡುಗುತ್ತದೆ. ಹಾಗಾಗಿ ಸಭೆಗಳಲ್ಲಿ ಇದರ ಬಗ್ಗೆ ಒಮ್ಮತವಿಲ್ಲ. ತಾನು ರಕ್ಷಣೆ ಹೊಂದಿಯೇ ಇದ್ದೇನೆಂದು ಯಾರೂ ಖಚಿತವಾಗಿ ಹೇಳಿಕೊಳ್ಳಬಾರದು, ಅದು ಅಹಂಕಾರವಾದೀತು ಎಂದು ಕಥೋಲಿಕ ಸಭೆಯ ಟ್ರೆಂಟ್ ಪರಿಷತ್ತು 1547ರಲ್ಲಿ ವಿಧಿಸಿತು. ದೇವರು ಆರಿಸಿಕೊಂಡವರು ಎಡವಿದರೂ ಕೊನೆಗೆ ಬೀಳುವುದಿಲ್ಲ ಎಂದು 1618–19ರಲ್ಲಿ ಹಾಲೆಂಡಿನ ಡೋರ್ಟ್‌ನಲ್ಲಿ ಸೇರಿದ ಸಭೆ ಸಾರಿತು. ನ್ಯೂಟನ್ನನ ಕಾಲದವನೇ ಆದ ಜಾನ್ ವೆಸ್ಲಿ ಇದನ್ನು ಒಪ್ಪಲಿಲ್ಲ. ಕೃಪೆಯನ್ನು ಪಡೆದವನು ಅದನ್ನು ಬಿಟ್ಟುಕೊಡಲೂಬಹುದು ಎಂದ. ಲಂಡನ್ ಮಿಷನ್ ಮೂಲದ ಸಭೆಗಳೂ ವೆಸ್ಲಿಯನ್ ಸಭೆಗಳೂ 1947ರಲ್ಲಿ ಒಂದಾಗಿ ದಕ್ಷಿಣ ಇಂಡಿಯಾ ಸಭೆಯಾದ ಮೇಲೆ, ಈ ವಿಷಯದಲ್ಲಿ ಒಬ್ಬರನ್ನೊಬ್ಬರು ಒಪ್ಪದವರ ಮೊಮ್ಮಕ್ಕಳು ಒಂದೇ ಬೆಂಚಿನಲ್ಲಿ ಕೂತು ಕರ್ತನ ಭೋಜನ ತೆಗೆದುಕೊಳ್ಳುತ್ತಿದ್ದಾರೆ. ನನಗೆ ಅದು ಸಂತೋಷದ ವಿಷಯ.

ಈ ಚರ್ಚೆ ಕನ್ನಡ ನೆಲಕ್ಕೆ ಹೊಸದೂ ಅಲ್ಲ. ಶ್ರೀವೈಷ್ಣವರು ಮರ್ಕಟ ನ್ಯಾಯ, ಮಾರ್ಜಾಲ ನ್ಯಾಯ ಎಂದು ಇದನ್ನೇ ಶತಮಾನಗಳಿಂದ ಚರ್ಚಿಸಿದ್ದಾರೆ: ಮರಿ ಕೋತಿ ತಾಯಿಯ ಹೊಟ್ಟೆಯನ್ನು ತಾನೇ ಬಿಗಿಯಾಗಿ ತಬ್ಬಿರಬೇಕು, ಮರಿ ಬೆಕ್ಕನ್ನು ತಾಯಿಯೇ ಬಾಯಲ್ಲಿ ಕಚ್ಚಿ ಒಯ್ಯುತ್ತದೆ. ಎರಡು ಧರ್ಮಗಳ ನಂಬಿಕೆಗಳು ಒಂದೇ ಎಂದು ನಾನು ಹೇಳಹೊರಟಿಲ್ಲ. ಆದರೆ ಹಿಡಿದಿರುವ ಕೈ ಯಾರದು ಎಂಬ ಪ್ರಶ್ನೆ ನಮ್ಮವರಿಗೆ ಬಿಡಿಸಿ ಹೇಳಬೇಕಾದದ್ದೇನಲ್ಲ.

ಈಗ ನ್ಯೂಟನ್ನನ ಲೆಕ್ಕಕ್ಕೆ ಬರೋಣ. ಶಾಶ್ವತ ಕ್ಷಮೆಯನ್ನು ಆಕ್ಷೇಪಿಸುವವರ ಕೈಗೆ ಅವನ ಬದುಕಿಗಿಂತ ಒಳ್ಳೆಯ ಆಯುಧ ಸಿಗಲಾರದು. ಹುಟ್ಟಿದ್ದು 1725ರಲ್ಲಿ. ಏಳು ತುಂಬುವ ಮೊದಲೇ ತಾಯಿಯನ್ನು ಕಳೆದುಕೊಂಡ. ಹಡಗುಗಳಲ್ಲೇ ಬೆಳೆದ. ನೌಕಾಪಡೆಯಿಂದ ಓಡಿಹೋಗಿ ಸಿಕ್ಕಿಬಿದ್ದು ಛಡಿಯೇಟು ತಿಂದ. ಪಶ್ಚಿಮ ಆಫ್ರಿಕಾದ ಕರಾವಳಿಯಲ್ಲಿ ಗುಲಾಮರ ವ್ಯಾಪಾರಿಯೊಬ್ಬನ ಕೈಕೆಳಗೆ ಸೇರಿ, ಉಟ್ಟ ಬಟ್ಟೆಗೂ ಗತಿಯಿಲ್ಲದಂತೆ ನರಳಿದ. 1748ರ ಮಾರ್ಚ್‌ನಲ್ಲಿ ಉತ್ತರ ಅಟ್ಲಾಂಟಿಕ್‌ನಲ್ಲಿ ಅವನಿದ್ದ ಗ್ರೇಹೌಂಡ್ ಹಡಗು ಬಿರುಗಾಳಿಗೆ ಸಿಕ್ಕಿ ಒಡೆಯುವುದರಲ್ಲಿತ್ತು. ಅಂದು ಅವನು ದೇವರನ್ನು ಕೂಗಿದ. ಬದುಕಿದ. ಅಲ್ಲಿಂದ ಮುಂದೆ ಕೊನೆಯವರೆಗೂ ಪ್ರತಿ ವರ್ಷ ಆ ದಿನವನ್ನು ಪ್ರಾರ್ಥನೆಯಲ್ಲಿ ಕಳೆಯುತ್ತಿದ್ದ.

ಕತೆ ಇಲ್ಲಿಗೇ ಮುಗಿದಿದ್ದರೆ ಭಾನುವಾರದ ಪ್ರಸಂಗಕ್ಕೆ ಚೆನ್ನಾಗಿ ಒಪ್ಪುತ್ತಿತ್ತು. ಎಷ್ಟೋ ಪ್ರಸಂಗಗಳಲ್ಲಿ ಅದನ್ನು ಇಲ್ಲಿಗೇ ನಿಲ್ಲಿಸುವುದನ್ನು ಕೇಳಿದ್ದೇನೆ. ಆದರೆ ನ್ಯೂಟನ್ ಗುಲಾಮರ ಹಡಗಿನ ಕಪ್ತಾನನಾದದ್ದು ಆ ಬಿರುಗಾಳಿಯ ನಂತರ. 1750ರಿಂದ 1754ರ ನಡುವೆ ಮೂರು ಯಾನಗಳನ್ನು ನಡೆಸಿದ. ಭಾನುವಾರಗಳಂದು ನಾವಿಕರನ್ನು ಕೂಡಿಸಿ ಪ್ರಾರ್ಥನೆ ಓದಿಸುತ್ತಿದ್ದ. ಅವರ ಕಾಲ ಕೆಳಗಿನ ಅಟ್ಟಗಳಲ್ಲಿ ಮನುಷ್ಯರು ಮಗ್ಗುಲು ಬದಲಿಸಲೂ ಜಾಗವಿಲ್ಲದಂತೆ ಸರಪಳಿಯಲ್ಲಿ ಮಲಗಿರುತ್ತಿದ್ದರು. ಆ ಯಾನಗಳಲ್ಲಿ ಅವನು ಬರೆದಿಟ್ಟ ದಿನಚರಿ ಇಂದಿಗೂ ಉಳಿದಿದೆ. ಗಾಳಿ ಯಾವ ಕಡೆಯದು, ಹಾಯಿಯ ಸ್ಥಿತಿ ಏನು, ಯಾವ ಸರಕಿಗೆ ಎಷ್ಟು ಜನರನ್ನು ಕೊಂಡದ್ದು ಎಂಬ ವಿವರಗಳ ನಡುವೆ ಸಾವುಗಳೂ ಬರುತ್ತವೆ. ಒಬ್ಬ ಗಂಡಾಳನ್ನು ನೀರಿಗೆ ಹಾಕಿದೆವು, ಒಬ್ಬ ಹುಡುಗಿಯನ್ನು ನೀರಿಗೆ ಹಾಕಿದೆವು ಎಂಬ ಧಾಟಿಯ ನಮೂದುಗಳು. ಸತ್ತವರಿಗೆ ಹೆಸರಿಲ್ಲ, ನಂಬರು ಇದೆ. ದಂಗೆಯ ಸಂಚಿನ ಗುಮಾನಿಯ ಮೇಲೆ ಹುಡುಗರ ಹೆಬ್ಬೆರಳಿಗೆ ತಿರುಪು ಹಾಕಿ ಬಾಯಿ ಬಿಡಿಸಿದ್ದೂ ಅವನ ಕೈಬರಹದಲ್ಲೇ ಇದೆ. ಅವನು ಸಮುದ್ರ ಬಿಟ್ಟದ್ದು ಮನಸ್ಸಾಕ್ಷಿ ಚುಚ್ಚಿತೆಂದೂ ಅಲ್ಲ. 1754ರಲ್ಲಿ ಇದ್ದಕ್ಕಿದ್ದಂತೆ ಮೂರ್ಛೆ ಬಂದು ವೈದ್ಯರು ಹೋಗಬೇಡ ಎಂದದ್ದಕ್ಕೆ.

ಹಾಗಾದರೆ ಆ ಕ್ಷಮೆ ಏನು ಮಾಡಿತು? ಪ್ರಶ್ನೆ ನ್ಯಾಯವಾದದ್ದು. ಬಿರುಗಾಳಿಯ ಹೊತ್ತಿಗೆ ತಾನು ಪೂರ್ತಿ ವಿಶ್ವಾಸಿಯಾಗಿದ್ದೆ ಎನ್ನಲಾಗದು ಎಂದು ನ್ಯೂಟನ್ನೇ ಮುಂದೆ ಬರೆದ. ಅದು ಪ್ರಾಮಾಣಿಕ ಉತ್ತರ, ಆದರೆ ಸಾಲದು. 1764ರಲ್ಲಿ ಓಲ್ನಿಗೆ ಸಭಾಪಾಲಕನಾಗಿ ಬಂದ ಮೇಲೂ ಅವನು ಈ ದಂಧೆಯ ವಿರುದ್ಧ ಬಹಿರಂಗವಾಗಿ ಬಾಯಿ ತೆರೆಯಲಿಲ್ಲ. ತೆರೆದದ್ದು 1788ರಲ್ಲಿ, ಸಮುದ್ರ ಬಿಟ್ಟು 34 ವರ್ಷಗಳಾದ ಮೇಲೆ. ಆಗ ಅವನು ಲಂಡನ್ನಿನಲ್ಲಿ ಸೇಂಟ್ ಮೇರಿ ವುಲ್ನಾತ್ ಸಭೆಯ ಪಾಲಕ, ಅರವತ್ತು ದಾಟಿದವನು, ಊರೆಲ್ಲ ಗೌರವಿಸುತ್ತಿದ್ದ ಹಿರಿಯ. ಆಫ್ರಿಕಾದ ಗುಲಾಮರ ವ್ಯಾಪಾರದ ಬಗ್ಗೆ ಒಂದು ಪುಸ್ತಿಕೆ ಅಚ್ಚು ಹಾಕಿಸಿದ. ತಾನು ಕಂಡದ್ದನ್ನು, ತಾನೇ ಮಾಡಿದ್ದನ್ನು, ಹೆಂಗಸರಿಗೆ ಆ ಹಡಗುಗಳಲ್ಲಿ ಆಗುತ್ತಿದ್ದುದನ್ನು ಬರೆದ. ತನ್ನ ತಪ್ಪೊಪ್ಪಿಗೆ ತಡವಾಗಿದೆ, ಆದ ಹಾನಿಯನ್ನು ಅದು ಸರಿಪಡಿಸಲಾರದು ಎಂದೂ ಅದರಲ್ಲೇ ಹೇಳಿದ. ಪಾರ್ಲಿಮೆಂಟಿನ ಸಮಿತಿಯ ಮುಂದೆ ನಿಂತು ಸಾಕ್ಷಿ ನುಡಿದ. ರಾಜಕೀಯ ಬಿಟ್ಟು ಪಾದ್ರಿಯಾಗಬೇಕೆಂದು 1785ರಲ್ಲಿ ತನ್ನ ಬಳಿ ಬಂದಿದ್ದ ವಿಲಿಯಂ ವಿಲ್ಬರ್‌ಫೋರ್ಸ್‌ನನ್ನು ಪಾರ್ಲಿಮೆಂಟಿನಲ್ಲೇ ಇರು ಎಂದು ತಿರುಗಿ ಕಳಿಸಿದ್ದವನೂ ಅವನೇ. ಬ್ರಿಟನ್ನು ಈ ವ್ಯಾಪಾರವನ್ನು ನಿಷೇಧಿಸಿದ್ದು 1807ರ ಮಾರ್ಚ್‌ನಲ್ಲಿ. ನ್ಯೂಟನ್ ತೀರಿಕೊಂಡದ್ದು ಅದೇ ಡಿಸೆಂಬರಿನಲ್ಲಿ.

ಕೃಪೆ ಶಾಶ್ವತವೆಂದರೆ ಜನ ಪಾಪ ಮಾಡಲು ಪರವಾನಗಿ ಸಿಕ್ಕಿತೆಂದುಕೊಳ್ಳುವುದಿಲ್ಲವೇ ಎಂದು ಕೇಳುವವರಿದ್ದಾರೆ. ಪೌಲನ ಕಾಲದಲ್ಲೇ ಕೇಳುವವರಿದ್ದರು. ರೋಮಾಪುರದ ಪತ್ರಿಕೆಯ 6ನೇ ಅಧ್ಯಾಯ ಆರಂಭವಾಗುವುದೇ ಆ ಪ್ರಶ್ನೆಯಿಂದ. ನ್ಯೂಟನ್ನನ ವಿಷಯದಲ್ಲಿ ನನಗೆ ಕಾಣುವುದು ಇಷ್ಟು. ತನ್ನ ಸ್ಥಾನ ತನ್ನ ಒಳ್ಳೆಯತನದ ಮೇಲೆ ನಿಂತಿದೆ ಎಂದುಕೊಂಡ ಮನುಷ್ಯ ಹಳೆಯ ದಿನಚರಿಯನ್ನು ಬೀಗ ಹಾಕಿ ಇಡುತ್ತಾನೆ. ದೇವರ ಮುಂದೆ ತನ್ನ ನಿಲುವು ಅಲುಗುವುದಿಲ್ಲವೆಂದು ನಂಬಿದವನಿಗೆ ಊರ ಮುಂದೆ ಅದನ್ನು ತೆರೆಯುವ ಧೈರ್ಯ ಬರಬಲ್ಲದು. ಅವನಿಗೆ ಅದು ಬಂತು. ಬಹಳ ತಡವಾಗಿ ಬಂತು ಎಂಬುದನ್ನು ಯಾವ ಬೋಧನೆಯಿಂದಲೂ ಮುಚ್ಚಬಾರದು.

ಮತ್ತೊಂದು ಮಾತನ್ನು ಇಲ್ಲೇ ಹೇಳಬೇಕು, ಏಕೆಂದರೆ ನಮ್ಮ ಸಭೆಗಳಲ್ಲಿ ಇದನ್ನು ಬೇಗ ದಾಟಿಬಿಡುತ್ತೇವೆ. ದೇವರು ಕ್ಷಮಿಸಿದ ಎಂದರೆ ಮನುಷ್ಯರ ಲೆಕ್ಕ ಚುಕ್ತಾ ಆಯಿತೆಂದಲ್ಲ. ಸುಂಕದ ಜಕ್ಕಾಯನ ಮನೆಗೆ ಯೇಸು ಅತಿಥಿಯಾಗಿ ಹೋದ. ಜಕ್ಕಾಯ ಎದ್ದು ನಿಂತು, ಮೋಸದಿಂದ ಕಿತ್ತುಕೊಂಡದ್ದಕ್ಕೆ ನಾಲ್ಕು ಪಟ್ಟು ಕೊಡುತ್ತೇನೆಂದ. ಅವನಿಗೆ ಕೊಡಲು ಆ ಜನ ಎದುರಿಗಿದ್ದರು. ನ್ಯೂಟನ್ನನಿಗೆ ಅವರು ಸಿಗಲಿಲ್ಲ. ಆಂಟಿಗುವಾದಲ್ಲಿ, ಸೇಂಟ್ ಕಿಟ್ಸ್‌ನಲ್ಲಿ ಮಾರಿದವರಲ್ಲಿ ಒಬ್ಬರನ್ನೂ ಅವನು ಊರಿಗೆ ತಲುಪಿಸಲಾರನಾಗಿದ್ದ. ಅವರ ಪರವಾಗಿ ಕ್ಷಮಿಸುವ ಹಕ್ಕು ನನಗೂ ಇಲ್ಲ, ‘ಅಮೇಜಿಂಗ್ ಗ್ರೇಸ್’ ಹಾಡುವ ಯಾವ ಸಭೆಗೂ ಇಲ್ಲ. ಕೃಪೆಯನ್ನು ನಂಬುವ ನಾನು ಆ ಗೀತೆಯನ್ನು ಹಾಡುವಾಗ ಆ ನಂಬರುಗಳನ್ನೂ ನೆನೆಯಲು ಯತ್ನಿಸುತ್ತೇನೆ.

ಕೂಪರನದು ತಿರುವುಮುರುವು. ತಾಯಿ ಸತ್ತಾಗ ಅವನಿಗೆ ಆರು ವರ್ಷ. ವಕೀಲಿಕೆ ಓದಿದ. 1763ರಲ್ಲಿ ಹೌಸ್ ಆಫ್ ಲಾರ್ಡ್ಸ್‌ನಲ್ಲಿ ಒಂದು ಹುದ್ದೆ ಸಿಗುವುದರಲ್ಲಿತ್ತು. ಅದಕ್ಕಾಗಿ ಸದನದ ಮುಂದೆ ಪರೀಕ್ಷೆಗೆ ನಿಲ್ಲಬೇಕೆಂಬ ಭಯಕ್ಕೇ ಅವನ ಬುದ್ಧಿ ತಪ್ಪಿತು. ಸೇಂಟ್ ಆಲ್ಬನ್ಸ್‌ನಲ್ಲಿ ಡಾಕ್ಟರ್ ನಥಾನಿಯಲ್ ಕಾಟನ್ ನಡೆಸುತ್ತಿದ್ದ ಆಸ್ಪತ್ರೆಯಲ್ಲಿ ಸುಮಾರು ಒಂದೂವರೆ ವರ್ಷ ಇದ್ದ. ಅಲ್ಲಿ 1764ರಲ್ಲಿ ರೋಮಾಪುರದ ಪತ್ರಿಕೆಯ 3ನೇ ಅಧ್ಯಾಯ ಓದುತ್ತಿದ್ದಾಗ ಕ್ಷಮೆ ತನಗೂ ಇದೆ ಎಂಬ ಭರವಸೆ ಹುಟ್ಟಿತು. ಎಂಟೊಂಬತ್ತು ವರ್ಷ ಆ ಬೆಳಕಿನಲ್ಲಿ ಬದುಕಿದ. ಕೃಪೆಯ ಬೋಧನೆಯೇ ಅವನನ್ನು ಹುಚ್ಚನನ್ನಾಗಿ ಮಾಡಿತೆಂದು ಅವನ ಕಾಲದಿಂದಲೂ ದೂರುವವರಿದ್ದಾರೆ. ಕಾಯಿಲೆ ಮೊದಲು ಬಂದದ್ದು, ನಂಬಿಕೆ ಆಮೇಲೆ ಬಂದದ್ದು ಎಂಬುದನ್ನು ಅವರು ಮರೆಯುತ್ತಾರೆ.

1773ರಲ್ಲಿ ಕಾಯಿಲೆ ಮರುಕಳಿಸಿದಾಗ ಅದು ಅವನ ನಂಬಿಕೆಯ ಭಾಷೆಯಲ್ಲೇ ಮಾತಾಡಿತು. ಅಬ್ರಹಾಮನಿಂದ ಇಸಾಕನನ್ನು ಕೇಳಿದಂತೆ ತನ್ನ ಪ್ರಾಣವನ್ನೇ ದೇವರು ಬಲಿಯಾಗಿ ಕೇಳಿದ್ದಾನೆ, ತಾನು ಅದನ್ನು ನಡೆಸಲಾರದೆ ಹೋದೆ, ಆದ್ದರಿಂದ ತನ್ನನ್ನು ತಳ್ಳಿಬಿಟ್ಟಿದ್ದಾನೆ ಎಂದು ಅವನು ದೃಢವಾಗಿ ನಂಬಿದ. ದೇವರು ಕ್ಷಮಿಸಿದವರನ್ನು ಕೈಬಿಡುವುದಿಲ್ಲ ಎಂಬ ಬೋಧನೆ ಸುಳ್ಳೆಂದು ಅವನು ಯಾವತ್ತೂ ಹೇಳಲಿಲ್ಲ. ಅದು ಎಲ್ಲರಿಗೂ ಸತ್ಯ, ತಾನೊಬ್ಬನೇ ಅದಕ್ಕೆ ಹೊರಗು ಎಂಬುದು ಅವನ ಲೆಕ್ಕ. ಊಟಕ್ಕೆ ಮುಂಚೆ ಮನೆಯವರು ಪ್ರಾರ್ಥನೆಗೆ ನಿಂತಾಗ ಇವನು ಚಾಕು, ಫೋರ್ಕು ಕೈಗೆತ್ತಿಕೊಂಡು ಕೂತುಬಿಡುತ್ತಿದ್ದನಂತೆ. ಈ ಪ್ರಾರ್ಥನೆಯಲ್ಲಿ ತನಗೆ ಪಾಲಿಲ್ಲ ಎಂದು ತೋರಿಸುವ ಬಗೆ ಅದು.

ಇಂದಾದರೆ ಇದನ್ನು ತೀವ್ರ ಖಿನ್ನತೆ ಎನ್ನುತ್ತಿದ್ದರು, ಮಾತ್ರೆ ಕೊಡುತ್ತಿದ್ದರು, ಕೊಡಲೇಬೇಕಿತ್ತು. ಖಿನ್ನತೆಯಲ್ಲಿರುವ ವಿಶ್ವಾಸಿಗೆ ‘ನಿಮಗೆ ವಿಶ್ವಾಸ ಸಾಲದು, ಅದಕ್ಕೇ ಸಮಾಧಾನವಿಲ್ಲ’ ಎನ್ನುವವರು ಇವತ್ತಿಗೂ ನಮ್ಮ ನಡುವೆ ಇದ್ದಾರೆ. ಒಳ್ಳೆಯ ಮನಸ್ಸಿನಿಂದಲೇ ಹೇಳುತ್ತಾರೆ. ಆ ಮಾತು ಕ್ರೂರವಾದದ್ದು, ಜೊತೆಗೆ ಅವರೇ ಸಾರುವ ಕೃಪೆಗೆ ವಿರುದ್ಧವಾದದ್ದು. ಕ್ಷಮೆ ಪುಕ್ಕಟೆ ಎಂದು ಹೇಳಿ, ಅದನ್ನು ಇಟ್ಟುಕೊಳ್ಳಲು ಸಂತೋಷದ ರೂಪದಲ್ಲಿ ಬಾಡಿಗೆ ಕಟ್ಟು ಎಂದಂತಾಯಿತು. ಮನಸ್ಸಿಗೆ ಕಾಯಿಲೆ ಬಂದವರನ್ನು ವೈದ್ಯರ ಬಳಿಗೆ ಕರೆದೊಯ್ಯುವುದು ಪ್ರಾರ್ಥನೆಯಷ್ಟೇ ಅಗತ್ಯವಾದ ಸೇವೆ.

ನ್ಯೂಟನ್ ಆ ಮಾತನ್ನು ಹೇಳಲಿಲ್ಲ. 1773ರ ಏಪ್ರಿಲ್‌ನಲ್ಲಿ ಕೂಪರ್ ಪಾದ್ರಿಮನೆಗೆ ಬಂದವನು ತನ್ನ ಮನೆಗೆ ಹಿಂತಿರುಗಲು ಒಪ್ಪಲಿಲ್ಲ. ನ್ಯೂಟನ್ ದಂಪತಿಗಳು ಅವನನ್ನೂ, ಅವನನ್ನು ತಾಯಿಯಂತೆ ನೋಡಿಕೊಳ್ಳುತ್ತಿದ್ದ ವಿಧವೆ ಮೇರಿ ಅನ್ವಿನ್‌ಳನ್ನೂ ಒಂದು ವರ್ಷಕ್ಕೂ ಹೆಚ್ಚು ಕಾಲ ತಮ್ಮ ಮನೆಯಲ್ಲೇ ಇಟ್ಟುಕೊಂಡರು. ರಾತ್ರಿಗಳು ಕಷ್ಟದವು, ಒಂಟಿಯಾಗಿ ಬಿಡುವಂತಿರಲಿಲ್ಲ. 1774ರ ಮೇ ತಿಂಗಳಲ್ಲಿ ಅವನು ತನ್ನ ಮನೆಗೆ ಮರಳಿದ. ಯಾರೋ ತಂದುಕೊಟ್ಟ ಮೊಲದ ಮರಿಗಳನ್ನು ಸಾಕಿದ. ಪಸ್, ಟೈನಿ, ಬೆಸ್ ಎಂದು ಹೆಸರಿಟ್ಟ. ಅವುಗಳಿಗೆ ತಾನೇ ಗೂಡು ಮಾಡಿದ, ತೋಟಗಾರಿಕೆ ಹಿಡಿದ, ಮತ್ತೆ ಬರೆಯತೊಡಗಿದ. 1785ರಲ್ಲಿ ಬಂದ ‘ದಿ ಟಾಸ್ಕ್’ ಅವನನ್ನು ಇಂಗ್ಲೆಂಡಿನ ದೊಡ್ಡ ಕವಿಗಳ ಸಾಲಿಗೆ ಸೇರಿಸಿತು. ಗುಲಾಮರ ವ್ಯಾಪಾರದ ವಿರುದ್ಧ ನ್ಯೂಟನ್ ಪುಸ್ತಿಕೆ ಬರೆದ ವರ್ಷವೇ ಕೂಪರ್ ಅದೇ ವಿಷಯದ ಮೇಲೆ ಕವಿತೆಗಳನ್ನು ಬರೆದ. ಅವು ಬೀದಿಬೀದಿಯಲ್ಲಿ ಹಾಡಾದವು. ದೇವರು ತನ್ನನ್ನು ಕೈಬಿಟ್ಟನೆಂದುಕೊಂಡವನು ಬೇರೆಯವರನ್ನು ಕೈಬಿಡಲಿಲ್ಲ.

1779ರಲ್ಲಿ ‘ಓಲ್ನಿ ಹಿಮ್ಸ್’ ಎಂಬ ಹೆಸರಿನಲ್ಲಿ 348 ಗೀತೆಗಳ ಸಂಗ್ರಹವನ್ನು ನ್ಯೂಟನ್ ಅಚ್ಚು ಹಾಕಿಸಿದ. ಹೆಚ್ಚಿನವು ಅವನವೇ, ಅರವತ್ತಕ್ಕೂ ಮೇಲೆ ಕೂಪರನವು. ಪುಸ್ತಕ ತಡವಾದದ್ದು ಗೆಳೆಯನ ಕಾಯಿಲೆಯಿಂದ ಎಂದು ಮುನ್ನುಡಿಯಲ್ಲಿ ತಿಳಿಸಿ, ಇದು ನಮ್ಮ ಗೆಳೆತನದ ಗುರುತಾಗಿ ಉಳಿಯಲಿ ಎಂದು ಆಶಿಸಿದ. ಕೂಪರನ ಒಂದೊಂದು ಗೀತೆಗೂ ‘ಸಿ’ ಎಂಬ ಅಕ್ಷರ ಹಾಕಿಸಿದ. ಆ ಹೊತ್ತಿಗೆ ಅವುಗಳನ್ನು ಬರೆದವನು ಆರು ವರ್ಷಗಳಿಂದ ಪ್ರಾರ್ಥನೆಯನ್ನೇ ಬಿಟ್ಟಿದ್ದ. ಈ ಗೀತೆಗಳು ಸತ್ಯ, ಆದರೆ ನನ್ನ ಪಾಲಿಗಲ್ಲ ಎನ್ನುತ್ತಿದ್ದ. ನ್ಯೂಟನ್ ಒಂದನ್ನೂ ಕೈಬಿಡಲಿಲ್ಲ, ಒಂದರ ಹೆಸರನ್ನೂ ಮರೆಮಾಚಲಿಲ್ಲ.

ನ್ಯೂಟನ್ನನಿಗೂ ಬಳ್ಳಾರಿಗೂ ಒಂದು ಎಳೆ ಇದೆ ಎಂಬುದನ್ನು ಕನ್ನಡದ ಓದುಗರಿಗೆ ಹೇಳದಿರಲಾರೆ. ತನ್ನ ಹಳೆಯ ಬದುಕಿನ ಕತೆಯನ್ನು ಅವನು ಪತ್ರಗಳಲ್ಲಿ ಬರೆದದ್ದು ಥಾಮಸ್ ಹಾವೀಸ್ ಎಂಬ ಪಾದ್ರಿಗೆ. 1764ರಲ್ಲಿ ಅವು ಪುಸ್ತಕವಾದವು. ಅದೇ ಹಾವೀಸ್ 1795ರಲ್ಲಿ ಲಂಡನ್ ಮಿಷನರಿ ಸೊಸೈಟಿಯನ್ನು ಕಟ್ಟಿದವರಲ್ಲಿ ಒಬ್ಬ. ಆ ಸೊಸೈಟಿ ಕಳಿಸಿದ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದ, ಕನ್ನಡ ಕಲಿತ, ಇಡೀ ಬೈಬಲನ್ನು ಕನ್ನಡಕ್ಕೆ ತಂದ. 1831ರ ಹೊತ್ತಿಗೆ ಅದು ಅಚ್ಚಾಯಿತು. ಸೇಂಟ್ ಆಲ್ಬನ್ಸ್‌ನ ಆಸ್ಪತ್ರೆಯಲ್ಲಿ ಕೂಪರ್ ಓದಿದ ರೋಮಾಪುರದ ಪತ್ರಿಕೆಯ ಆ ಮೂರನೇ ಅಧ್ಯಾಯ ಬಳ್ಳಾರಿಯ ಮನೆಗಳಲ್ಲಿ ಕನ್ನಡದಲ್ಲಿ ಕೇಳಿಸತೊಡಗಿತು.

ಮೇರಿ ಅನ್ವಿನ್ 1796ರಲ್ಲಿ ತೀರಿಕೊಂಡಳು. ಆಮೇಲೆ ಕೂಪರನಿಗೆ ಕತ್ತಲೆ ಮತ್ತೆ ಹರಿಯಲಿಲ್ಲ. 1799ರಲ್ಲಿ, ಹಡಗಿನಿಂದ ಕಡಲಿಗೆ ಬಿದ್ದು ಮುಳುಗಿದ ನಾವಿಕನೊಬ್ಬನ ಮೇಲೆ ಕೊನೆಯ ಕವಿತೆ ಬರೆದ. 1800ರ ಏಪ್ರಿಲ್ 25ರಂದು ನಾರ್ಫೋಕ್‌ನ ಈಸ್ಟ್ ಡೀರಮ್‌ನಲ್ಲಿ ಸತ್ತ. ಹಾಸಿಗೆಯ ಪಕ್ಕದಲ್ಲಿದ್ದವರಿಗೆ ಅವನ ಬಾಯಿಂದ ನೆಮ್ಮದಿಯ ಒಂದು ಮಾತೂ ಸಿಗಲಿಲ್ಲ.

ಸುದ್ದಿ ತಿಳಿದ ಮೇಲೆ ಲಂಡನ್ನಿನಲ್ಲಿ 74 ವರ್ಷದ ನ್ಯೂಟನ್ ಗೆಳೆಯನ ನೆನಪಿನ ಪ್ರಸಂಗ ಮಾಡಿದ. ಅದಕ್ಕೆ ಆರಿಸಿಕೊಂಡ ವಾಕ್ಯ ವಿಮೋಚನಕಾಂಡದ 3ನೇ ಅಧ್ಯಾಯದ್ದು: ಉರಿ ಹತ್ತಿಕೊಂಡಿದ್ದರೂ ಸುಟ್ಟು ಬೂದಿಯಾಗದ ಪೊದೆಯನ್ನು ಮೋಶೆ ಕಂಡದ್ದು. ಸತ್ತವನು ರಕ್ಷಣೆ ಹೊಂದಿದ್ದಾನೆಂದು ಸಭೆಗೆ ಹೇಳಲು ಅವನ ಬಳಿ ಬೇರೆ ಪುರಾವೆ ಇರಲಿಲ್ಲ. ಕೊನೆಗಾಲದ ಸಾಕ್ಷಿ ಇಲ್ಲ, ಹರ್ಷವಿಲ್ಲ, ಆ ಇಪ್ಪತ್ತೇಳು ವರ್ಷಗಳಲ್ಲಿ ಹಾಜರಿಯೂ ಇಲ್ಲ. ಇದ್ದದ್ದು ಕ್ರಿಸ್ತನ ಮಾತು, ಮತ್ತೆ ತನ್ನ ಮನೆಯಲ್ಲೇ ಹದಿಮೂರು ತಿಂಗಳು ಹತ್ತಿರದಿಂದ ಕಂಡ ಮನುಷ್ಯ. ಅವನು ದೇವರವನೇ ಎಂದು ನ್ಯೂಟನ್ ಪೀಠದ ಮೇಲಿಂದ ಹೇಳಿದ. ನಾನೂ ಹಾಗೆಯೇ ನಂಬುತ್ತೇನೆ.